ನನ್ನ ಹೆಸರಿನಲ್ಲಿ ಎರಡು ಕಿಡ್ನಿಯವಳ ರಕ್ತ

ಮಾನ್ಯ ಸಂಶೋಧನಾ ವಿಭಾಗದ ಮುಖ್ಯಸ್ಥರೇ,

ಕಿಡ್ನಿ ದಾನಿಗಳ ಬಗ್ಗೆ ತಮ್ಮ ವಿಭಾಗ ನಡೆಸಿದ ಹತ್ತು ವರ್ಷಗಳ ಅಧ್ಯಯನದ ಪ್ರಕಾರ ನನ್ನ ಆರೋಗ್ಯ ಅತ್ಯುತ್ತಮವಾಗಿದೆ. ಸಂತೋಷ. ಅಡಚಣೆ ಒಂದೇ, ತಾವು ಪರೀಕ್ಷಿಸಿದ ರಕ್ತ ನನ್ನದಲ್ಲ. ಅದು ನನ್ನದೇ ಹೆಸರಿನ, ಹುಟ್ಟುವಾಗ ತಂದ ಎರಡೂ ಕಿಡ್ನಿಗಳನ್ನು ಈವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಇನ್ನೊಬ್ಬ ಹೆಂಗಸಿನದು. ಆ ರಕ್ತದ ಬಲದ ಮೇಲೆ ತಾವು ಅಚ್ಚು ಹಾಕಿಸಿದ ಹಾಳೆಯನ್ನು ನಂಬಿ ನನ್ನ ಮಗಳು ಜಿನ್ಸಿ ಈ ತಿಂಗಳ ಇಪ್ಪತ್ತೆಂಟರಂದು ತನ್ನ ಗಂಡನಿಗೆ ಕಿಡ್ನಿ ಕೊಡಲು ಸಹಿ ಹಾಕುವವಳಿದ್ದಾಳೆ. ಆದ್ದರಿಂದ ಈ ಪತ್ರವನ್ನು ತಮ್ಮ ಬಾಗಿಲಿನ ದೂರು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಪೆಟ್ಟಿಗೆಗೆ ಹಾಕಿದ್ದ ಹಿಂದಿನ ಪತ್ರ ಅಲ್ಲೇ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದೆ.

ನಾನು ತಮಗೆ ಅಪರಿಚಿತಳಲ್ಲ. ಪುಲಿಯನ್‌ಕಡವಿನ ತಮ್ಮ ಆಸ್ಪತ್ರೆಯ ಗೇಟಿನೆದುರು, ಬಾದಾಮಿ ಮರದ ಕೆಳಗೆ ಲಾಟರಿ ಟಿಕೆಟ್ ಮಾರುವವಳು ನಾನೇ. ಪ್ರತಿ ಶುಕ್ರವಾರ ತಾವು ಕಾರಿನ ಗಾಜು ಇಳಿಸಿ ನಂಬರು ಏಳರಲ್ಲಿ ಮುಗಿಯುವ ಟಿಕೆಟ್ ಕೇಳಿ ಪಡೆಯುವುದು ನನ್ನಿಂದಲೇ. ಹನ್ನೊಂದು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಎಡಗಡೆಯ ಕಿಡ್ನಿಯನ್ನು ನನ್ನ ಒಡಹುಟ್ಟಿದ ತಮ್ಮ ಪತ್ರೋಸನಿಗೆ ಕೊಟ್ಟೆ. ಅಂದಿನಿಂದ ಕೊಟ್ಟ ಕಿಡ್ನಿಗೆ ರಾಜಯೋಗ. ವರ್ಷಕ್ಕೆ ನಾಲ್ಕು ಸಲ ಅದಕ್ಕೆ ತಪಾಸಣೆ, ಸ್ಕ್ಯಾನು, ದೊಡ್ಡ ಡಾಕ್ಟರ ಕುಶಲ ಪ್ರಶ್ನೆ. ನನ್ನಲ್ಲೇ ಉಳಿದ ಅದರ ಜೊತೆಯದನ್ನು ಈ ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ಹೇಗಿದ್ದೀಯ ಎಂದು ಕೇಳಿದ್ದರೆ ಹೇಳಿ. ಎರಡೂ ಒಂದೇ ದಿನ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಆದರೂ ನಾನು ಬೇಸರ ಮಾಡಿಕೊಳ್ಳಲಿಲ್ಲ, ಕೊಡುವವರ ಹಣೆಬರಹವೇ ಇಷ್ಟು ಅಂದುಕೊಂಡೆ.

ಬೇಸರ ಶುರುವಾದದ್ದು ಜಿನ್ಸಿ ತಮ್ಮ ಹಾಳೆಯನ್ನು ಮನೆಗೆ ತಂದಾಗ. ಅಳಿಯ ಸಾಬು ವಾರಕ್ಕೆ ಮೂರು ದಿನ ತಮ್ಮಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾನೆ. ಜಿನ್ಸಿಗೆ ಇಪ್ಪತ್ತೆಂಟು ವರ್ಷ. ಒಂದು ಹೆಣ್ಣು ಮಗುವಿದೆ, ಗಂಡ ಎದ್ದು ಓಡಾಡುವಂತಾದ ಮೇಲೆ ಇನ್ನೊಂದು ಬೇಕೆಂಬ ಆಸೆ ಇದೆ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ನಮ್ಮ ಸಂಪರ್ಕದಲ್ಲಿರುವ ಎಲ್ಲ ದಾನಿಗಳೂ ಪೂರ್ಣ ಆರೋಗ್ಯವಂತರು.’ ಸಣ್ಣ ಅಕ್ಷರ ಓದುವುದು ನನ್ನ ಕಸುಬಿನ ಚಾಳಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಒಟ್ಟು ದಾನಿಗಳು ಇನ್ನೂರ ಹನ್ನೆರಡು. ಸಂಪರ್ಕದಲ್ಲಿರುವವರು ಎಂಬತ್ತೊಂದು. ಉಳಿದ ನೂರ ಮೂವತ್ತೊಂದು ಜನ ‘ಕಳೆದುಹೋದವರು’.

ನಾನೂ ಆ ಕಳೆದುಹೋದವರಲ್ಲಿ ಒಬ್ಬಳೆಂದು ತಿಳಿದು, ಸಿಕ್ಕಿದ್ದೇನೆ ಎಂದು ಹೇಳಿಬರಲು ರಸ್ತೆ ದಾಟಿ ತಮ್ಮ ಕಚೇರಿಗೆ ಹೋದೆ. ತಮ್ಮ ಗುಮಾಸ್ತರು ಬಹಳ ಮರ್ಯಾದಸ್ತರು. ಕಂಪ್ಯೂಟರಿನಲ್ಲಿ ಹೆಸರು ಒತ್ತಿ ನೋಡಿ, ನಮ್ಮ ಕಡೆ ಅಕ್ಕನಿಗೆ ಅನ್ನುವ ಹಾಗೆ ಚೇಡತ್ತಿ ಎಂದು ಕರೆದು ನಕ್ಕರು.

“ನೀವೆಲ್ಲಿ ಕಳೆದುಹೋಗಿದ್ದೀರಿ ಚೇಡತ್ತಿ? ಜನವರೀಲಿ ಬಂದಿದ್ರಲ್ಲ. ಬಿಪಿ ನಾರ್ಮಲ್. ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ಅಂತೂ ಹದಿನೆಂಟರ ಹುಡುಗೀದು ಇದ್ದ ಹಾಗಿದೆ.”

“ನಾನು ಬಂದೇ ಇಲ್ಲ ಮಗನೇ.”

“ಐದು ವರ್ಷದಿಂದ ಬರ್ತಿದ್ದೀರಿ. ಬಸ್ ಚಾರ್ಜ್ ಇಸ್ಕೊಂಡಿದ್ದೀರಿ, ಚಹಾ ಕುಡಿದಿದ್ದೀರಿ, ಪಳಂಪೊರಿ ತಿಂದಿದ್ದೀರಿ. ಇಲ್ಲಿ ನೋಡಿ, ನಿಮ್ದೇ ಸಹಿ.”

ಮಾನ್ಯರೇ, ರಕ್ತದ ವಿಷಯ ಹಾಗಿರಲಿ, ತಿನ್ನದ ಬಾಳೆಹಣ್ಣಿನ ಬಜ್ಜಿಯನ್ನು ತಿಂದೆ ಎನಿಸಿಕೊಂಡದ್ದಕ್ಕೆ ನನಗೆ ನಿಜಕ್ಕೂ ನೋವಾಯಿತು.

ನಮ್ಮೂರಿನಲ್ಲಿ ಮನೆಗೆ ನಂಬರಿಗಿಂತ ಹೆಸರು ಮುಖ್ಯ, ಆ ಹೆಸರೇ ನಮ್ಮ ಹೆಸರಿನ ಮುಂದೆ ನಡೆಯುತ್ತದೆ. ತೊಂದರೆ ಎಂದರೆ ಹೊಸದಾಗಿ ಮನೆ ಕಟ್ಟಿದ ಪ್ರತಿಯೊಬ್ಬ ಅಜ್ಜನೂ ಅದಕ್ಕೆ ಪುತ್ತನ್‌ಪುರಯ್ಕಲ್, ಅಂದರೆ ಹೊಸಮನೆ ಎಂದೇ ಹೆಸರಿಟ್ಟ. ಹಾಗಾಗಿ ಒಂದೇ ಅಂಚೆಯಲ್ಲಿ ಹದಿನಾಲ್ಕು ಹೊಸಮನೆಗಳಿವೆ, ಅದರಲ್ಲಿ ಆರರ ಮಾಡು ಬಿದ್ದಿದೆ. ನಾನೂ ಒಬ್ಬಳು ಪುತ್ತನ್‌ಪುರಯ್ಕಲ್ ಶೋಶಮ್ಮನೇ. ಹಳೆಯ ಪೋಸ್ಟ್‌ಮ್ಯಾನಿಗೆ ಯಾವ ಶೋಶಮ್ಮ ಯಾರೆಂದು ಗೊತ್ತಿತ್ತು. ಅವರು ನಿವೃತ್ತರಾದರು. ಹೊಸಬ, ನಾಯಿ ಇಲ್ಲದ ಮನೆ ನೋಡಿ, ನನ್ನನ್ನು ತಪಾಸಣೆಗೆ ಕರೆದ ತಮ್ಮ ಪತ್ರ ಕೊಟ್ಟುಬಂದ. ಅದು ಅಕ್ಕಿ ಮಿಲ್ಲಿನ ಹಿಂದಿನ ಪುತ್ತನ್‌ಪುರಯ್ಕಲ್ ಶೋಶಮ್ಮನ ಮನೆ. ನಾನು ಹೋದಾಗ ಅವರು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು.

“ಚೇಡತ್ತಿ, ನೀವು ಯಾರಿಗೆ ಕಿಡ್ನಿ ಕೊಟ್ರಿ?” ಎಂದೆ.

“ಕಿಡ್ನೀನಾ? ಗಂಡನಿಗೆ ಎದ್ದು ಒಂದು ಲೋಟ ನೀರು ಕೊಟ್ಟವಳಲ್ಲ ನಾನು.”

“ಮತ್ತೆ ಆಸ್ಪತ್ರೆಯವರು ವರ್ಷಾ ವರ್ಷಾ ಕರೀತಾರಲ್ಲ, ಯಾಕೆ ಹೋಗ್ತೀರಿ?”

“ಮಾನ್ಯ ದಾನಿಗಳೇ ಅಂತ ಬರೆದಿದ್ರು. ಇಗರ್ಜಿಗೆ ಎರಡು ಫ್ಯಾನ್ ಕೊಟ್ಟಿದ್ದೆ, ಯಾರೋ ಗುರುತಿಸಿದ್ರಲ್ಲ ಅಂತ ಖುಷಿಯಾಯ್ತು.”

“ಹೊಟ್ಟೆ ಮೇಲೆ ಗಾಯದ ಗುರುತು ನೋಡ್ಲಿಲ್ವಾ ಅವರು?”

“ನೋಡಿದ್ರು. ಪಿತ್ತಕೋಶ ತೆಗೆದದ್ದಿದೆಯಲ್ಲ. ಚೆನ್ನಾಗಿ ಮಾಗಿದೆ ಅಂದ್ರು.”

ಇವರ ಮೇಲೆ ನನಗೆ ಕೋಪವಿಲ್ಲ. ಎರಡು ಕಿಡ್ನಿ, ಎರಡು ಫ್ಯಾನ್, ಎಲ್ಲವೂ ಸರಿಯಾಗಿ ತಿರುಗುತ್ತಿರುವ ಹೆಂಗಸು. ಆದರೆ ಇವರ ರಕ್ತದಿಂದ ನನ್ನ ಮಗಳಿಗೆ ಯಾವ ಧೈರ್ಯ ಹೇಳುತ್ತೀರಿ?

ನನ್ನ ರಕ್ತದ ಸಮಾಚಾರ ಬೇಕಿದ್ದರೆ ಕೇಳಿ. ಕಳೆದ ಡಿಸೆಂಬರಿನಲ್ಲಿ ಇಗರ್ಜಿಯ ಆರೋಗ್ಯ ಶಿಬಿರದಲ್ಲಿ ನನ್ನ ಬಿಪಿ ನೂರ ಅರವತ್ತು ದಾಟಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಅದು ಕಿಡ್ನಿ ಕೊಟ್ಟದ್ದರಿಂದಲೋ, ಐವತ್ತೆಂಟರ ವಯಸ್ಸಿನಿಂದಲೋ, ಒಣಮೀನಿನಿಂದಲೋ, ರಮ್ಮಿ ಆಟದಲ್ಲಿ ಇಂದಿಗೂ ಮೋಸ ಮಾಡುವ ಪತ್ರೋಸನಿಂದಲೋ ನನಗೆ ತಿಳಿಯದು. ಅದನ್ನು ತಿಳಿಯಲೆಂದೇ ಅಲ್ಲವೇ ತಮ್ಮಂಥವರನ್ನು ನೇಮಿಸಿರುವುದು? ಕಿಡ್ನಿ ಕೊಡುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪತ್ರೋಸ್ ಬದುಕಿದ್ದಾನೆ, ಮತ್ತೊಮ್ಮೆ ಕೇಳಿದರೂ ಕೊಟ್ಟೇನು. ಹೊರದೇಶಗಳಲ್ಲಿ ದಾನಿಗಳನ್ನು ಇಪ್ಪತ್ತು, ಮೂವತ್ತು ವರ್ಷ ಹಿಂಬಾಲಿಸಿ ನೋಡಿದ್ದಾರಂತೆ. ಹೆಚ್ಚಿನವರು ಚೆನ್ನಾಗಿಯೇ ಇದ್ದಾರಂತೆ. ಆದರೆ ಕೊಟ್ಟ ಮೇಲೆ ಬಸಿರಾದವರಲ್ಲಿ ರಕ್ತದೊತ್ತಡ ಏರುವುದು ಸ್ವಲ್ಪ ಹೆಚ್ಚಂತೆ, ಅದನ್ನು ಮೊದಲೇ ಹೇಳಬೇಕಂತೆ. ಇದನ್ನು ನನಗೆ ಓದಿ ಹೇಳಿದ್ದು ನರ್ಸಿಂಗ್ ಓದುವ ಪತ್ರೋಸನ ಮಗಳು. ಜಿನ್ಸಿಗೆ ಹೇಳಬೇಕಾದವರು ಮಾತ್ರ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ತಮ್ಮ ಆಪ್ತಸಲಹೆಗಾರರು, “ನಮ್ಮ ಸ್ಟಡೀಲಿ ಅಂಥ ಕೇಸೇ ಇಲ್ಲಮ್ಮ” ಎಂದರು. ದಾನ ಕೊಟ್ಟ ಮೇಲೆ ಹೆತ್ತವರು ಆ ಎಂಬತ್ತೊಂದರಲ್ಲಿ ಎಷ್ಟು ಮಂದಿ ಎಂದು ಕೇಳಿದೆ. ಒಬ್ಬರೂ ಇಲ್ಲವಂತೆ. ಬೋಳುತಲೆಯವರನ್ನಷ್ಟೇ ಕೂರಿಸಿ ನೋಡಿ, ಊರಿನಲ್ಲಿ ಹೇನಿಲ್ಲ ಎಂದು ಬರೆದ ಹಾಗಾಯಿತು.

ಕಳೆದುಹೋದವರನ್ನು ಹುಡುಕುವುದು ಅಷ್ಟು ಕಷ್ಟವೇ? ನಾನು ಕೂತ ಜಾಗದಿಂದ ಏಳದೆ, ಟಿಕೆಟ್ ಕೊಳ್ಳುವವರನ್ನು ಕೇಳಿ ಕೇಳಿ ಮೂರು ವಾರದಲ್ಲಿ ಹತ್ತೊಂಬತ್ತು ಜನರನ್ನು ಹುಡುಕಿದ್ದೇನೆ. ಒಬ್ಬರು ಮೀನು ಮಾರುತ್ತಾರೆ. ಒಬ್ಬರು ಬಸ್ ಕಂಡಕ್ಟರ್. ಕುಂಞೇಲಿ ಎಂಬವಳು ತಮ್ಮದೇ ಕಟ್ಟಡದ ಎರಡನೆಯ ಮಹಡಿಯಲ್ಲಿ, ತಮ್ಮ ಕೋಣೆಯ ನೆಲವನ್ನೇ ದಿನಾ ಒರೆಸುತ್ತಾಳೆ, ತಾವು ಕಾಲೆತ್ತಿ ಸಹಕರಿಸುತ್ತೀರಂತೆ. ಹತ್ತೊಂಬತ್ತರಲ್ಲಿ ಹದಿನಾಲ್ಕು ಮಂದಿ ಹೆಂಗಸರು. ಹದಿನಾರು ಜನ ನನಗಿಂತ ಗಟ್ಟಿ, ಮೂವರಿಗೆ ನನ್ನ ಹಾಗೆಯೇ ಬಿಪಿ. ಹಳೆಯ ಲಾಟರಿ ಫಲಿತಾಂಶ ಪಟ್ಟಿಗಳ ಬೆನ್ನಿಗೆ ಅವರ ಹೆಸರು, ಮನೆಹೆಸರು, ಗುರುತಿಗೆ ಪಕ್ಕದ ಮರ ಯಾವುದೆಂಬುದನ್ನೂ ಬರೆದಿಟ್ಟಿದ್ದೇನೆ.

ಅದನ್ನು ಜಿನ್ಸಿಗೂ ತೋರಿಸಿದೆ. ಅವಳು ಪೂರ್ತಿ ಓದಿ, ಮಡಚಿ ಕೊಟ್ಟಳು.

“ಕೊಡಬೇಡ ಅಂತೀಯೇನಮ್ಮ?”

“ಇಲ್ಲ. ತಿಳ್ಕೊಂಡು ಕೊಡು ಅಂತೀನಿ.”

“ನೀನು ತಿಳ್ಕೊಂಡು ಕೊಟ್ಯಾ?”

ನಾನು ಒಲೆಯ ಮೇಲಿನ ಮರಗೆಣಸನ್ನು ಕೆದಕುತ್ತ ನಿಂತೆ. ಅವಳು ಕೊಟ್ಟೇ ಕೊಡುತ್ತಾಳೆ, ನನಗೆ ಗೊತ್ತು. ಸಾಬು ಒಳ್ಳೆಯ ಹುಡುಗ, ಅವನು ಬದುಕಬೇಕು. ಆದರೂ ನನಗೆ ಭಯವಾಗುತ್ತದೆ. ಇದುವರೆಗೆ ತಮಾಷೆ ಮಾಡಿಕೊಂಡು ಬರೆದದ್ದೆಲ್ಲ ಆ ಭಯಕ್ಕೇ.

ಆದ್ದರಿಂದ ಇಷ್ಟು ಮಾಡಿ. ಮಿಲ್ಲಿನ ಹಿಂದಿನ ಶೋಶಮ್ಮನವರನ್ನು ಗೌರವಪೂರ್ವಕವಾಗಿ ತಮ್ಮ ಅಧ್ಯಯನದಿಂದ ಬೀಳ್ಕೊಡಿ, ಬೇಕಿದ್ದರೆ ಒಂದು ಪಳಂಪೊರಿ ಕಟ್ಟಿಕೊಡಿ. ಇಪ್ಪತ್ತೆಂಟನೆಯ ತಾರೀಕಿನ ಒಳಗೆ ತಮ್ಮಲ್ಲೊಬ್ಬರು ಜಿನ್ಸಿಯ ಎದುರು ಕೂತು, ಗೊತ್ತಿರುವುದನ್ನು ಗೊತ್ತಿದೆ ಎಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳಲಿ, ಮುಂದಿನ ಬಸಿರಿನ ಮಾತನ್ನು ಬಿಡದೆ. ಅವಳಲ್ಲಿ ಉಳಿಯುವ ಕಿಡ್ನಿಯನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸುತ್ತೇವೆಂದು ಬರೆದುಕೊಡಲಿ. ನಾನು ಮಾರುವ ಟಿಕೆಟಿನ ಬೆನ್ನ ಮೇಲೂ ಒಟ್ಟು ಎಷ್ಟು ಅಚ್ಚಾಗಿವೆ, ಬಹುಮಾನ ಎಷ್ಟಕ್ಕೆ ಎಂದು ಬರೆದಿರುತ್ತದೆ. ತಾವು ಅದನ್ನು ತಿರುಗಿಸಿ ಓದಿಯೇ ಕೊಳ್ಳುವುದನ್ನು ನಾನು ನೋಡಿದ್ದೇನೆ.

ಈ ಶುಕ್ರವಾರದ ಏಳರ ಟಿಕೆಟನ್ನು ತಮಗಾಗಿ ತೆಗೆದಿಟ್ಟಿದ್ದೇನೆ. ಈ ಸಲ ಗಾಜು ಇಳಿಸಿದರೆ ಸಾಲದು, ಕಾರಿನಿಂದ ಇಳಿದು ಬನ್ನಿ. ಬರುವಾಗ ಒಂದು ಸಿರಿಂಜು ತನ್ನಿ. ನಾನು ತೋಳು ಚಾಚಿ ಕೂತಿರುತ್ತೇನೆ.

ಇಂತಿ,
ಕಳೆದುಹೋದವರ ಪಟ್ಟಿಯಲ್ಲೂ ಜಾಗ ಸಿಗದ
ಪುತ್ತನ್‌ಪುರಯ್ಕಲ್ ಶೋಶಮ್ಮ
(ಬಾದಾಮಿ ಮರದವಳು, ಮಿಲ್ಲಿನ ಹಿಂದಿನವಳಲ್ಲ)