ಶಂಕ್ರವ್ವ ಪಾಠ ಒಪ್ಪಿಸಿದ ಪೋರ್ಚುಗಲ್

ಸವಣೂರು,
ಶನಿವಾರ, 14-4-1962

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ಹೇಗಿದೆ? ಹೋದ ತಿಂಗಳು ಮಡಗಾಂವದಿಂದ ಬಂದ ಮಲ್ಲಿಕಸಾಬರು, ನೀನು ಅಂಗಡಿಯ ಮೆಟ್ಟಿಲು ಇಳಿಯುವಾಗ ಬಾಗಿಲು ಹಿಡಿದುಕೊಳ್ಳುತ್ತೀ ಎಂದು ಹೇಳಿದರು. ಔಡಲೆಣ್ಣೆ ಬಿಸಿಮಾಡಿ ಹಚ್ಚಿಕೋ, ತಣ್ಣೀರು ತಾಗಿಸಬೇಡ. ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಯುಗಾದಿಯ ದಿನ ತಾನೇ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ನಮ್ಮ ತಮ್ಮ ಗುಡ್ಡಪ್ಪ ವೀಳ್ಯದೆಲೆಯ ತೋಟ ನೋಡಿಕೊಂಡಿದ್ದಾನೆ. ನಾನು ಕಲಿಸುವ ಶಾಲೆಗೆ ಹೋದ ವಾರದಿಂದ ರಜೆ. ನಿನ್ನ ಮಗಳು ಶಂಕ್ರವ್ವ ಚೆನ್ನಾಗಿ ಉಣ್ಣುತ್ತಾಳೆ, ರೊಟ್ಟಿಗೆ ಹೊಂದಿಕೊಂಡಿದ್ದಾಳೆ. ಖಾರಕ್ಕೆ ಮಾತ್ರ ಇನ್ನೂ ಕಣ್ಣಲ್ಲಿ ನೀರು ತರುತ್ತಾಳೆ.

ನಿನ್ನ ಪತ್ರ ಮಂಗಳವಾರ ಮುಟ್ಟಿತು. ಮೂರು ಸಲ ಓದಿದೆ. ಗೋವಾದವರೆಲ್ಲ ಇನ್ನು ಭಾರತದ ಪ್ರಜೆಗಳು, ಬೇಡವೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು ಎಂದು ನಮ್ಮ ಸರಕಾರ ಹೇಳಿದೆ, ನೀನು ಬರೆದುಕೊಡುವವನಿದ್ದೀ, ಪೋರ್ಚುಗೀಸನಾಗಿಯೇ ಉಳಿದು ಲಿಸ್ಬನ್ನಿಗೆ ಹಡಗು ಹತ್ತುವವನಿದ್ದೀ, ಇಪ್ಪತ್ತೆರಡನೆಯ ತಾರೀಕು ಮಲ್ಲಿಕಸಾಬರ ಜೊತೆ ಶಂಕ್ರವ್ವನನ್ನು ಕಳಿಸಿಕೊಡಬೇಕು. ಇಷ್ಟನ್ನು ನೀನು ಒಂದೇ ಪುಟದಲ್ಲಿ ಬರೆದಿದ್ದೀ. ಕೊನೆಗೆ, ‘ಹದಿನಾರು ವರ್ಷ ಆ ಧ್ವಜದ ನೆರಳಲ್ಲಿ ಅನ್ನ ತಿಂದೆ, ಅದೇ ನನ್ನ ದೇಶ’ ಎಂದಿದ್ದೀ. ಪತ್ರವನ್ನು ಅವ್ವನಿಗೆ ಓದಿ ಹೇಳಿಲ್ಲ. ಆಕೆಯ ಲೆಕ್ಕದಲ್ಲಿ ಪೋರ್ಚುಗಲ್ ಎಂದರೆ ಲೋಂಡಾದ ಘಟ್ಟ ಇಳಿದರೆ ಸಿಗುವ ಊರು. ನೀನು ಹೋದಾಗಿನಿಂದ ಹಾಗೆಯೇ ನಂಬಿದ್ದಾಳೆ, ಯಾರೂ ತಿದ್ದಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾದ ಜಾಗ ಎಂದು ಯಾವ ಬಾಯಿಂದ ಹೇಳಲಿ?

ನನ್ನ ಸ್ವಭಾವ ನಿನಗೆ ಗೊತ್ತು. ಅತ್ತು ಕರೆದು ಮಾಡುವವಳಲ್ಲ. ನನ್ನ ಅಣ್ಣನನ್ನು ಕೊಂಡೊಯ್ಯುವ ದೇಶ ಎಂಥದು, ಅದನ್ನಾದರೂ ಸರಿಯಾಗಿ ತಿಳಿಯೋಣ ಎಂದು ಶಂಕ್ರವ್ವನ ಟ್ರಂಕಿನಿಂದ ಅವಳ ಶಾಲೆಯ ಚರಿತ್ರೆಯ ಪುಸ್ತಕ ತೆಗೆಸಿದೆ. ನಾಲ್ಕು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಅವಳು ಪೋರ್ಚುಗೀಸಿನಲ್ಲಿ ಓದಿ ಓದಿ ಕನ್ನಡದಲ್ಲಿ ಹೇಳಿದಳು, ನಾನು ಕೇಳಿದೆ. ವಾಚನಾಲಯದಿಂದ ರಷ್ಯದ, ಫ್ರಾನ್ಸಿನ ಕಾದಂಬರಿಗಳ ಅನುವಾದ ತಂದು ಓದುವ ನನಗೆ ಒಂದು ಚಾಳಿ ಇದೆ, ಮೂಲದಲ್ಲಿ ನಿಜವಾಗಿ ಏನಿತ್ತು ಎಂಬ ಸಂಶಯ. ಅದಕ್ಕೇ ಪ್ರತಿ ಪುಟವನ್ನೂ ಎರಡು ಸಲ ಹೇಳಿಸಿದೆ. ಅವಳು, “ಅತ್ತಿ, ನಮ್ಮ ಸಾಲಿ ಬಾಯಾರೂ ಇಷ್ಟ ಕಾಡಿಲ್ಲ ನೋಡ್ರಿ” ಎಂದಳು.

ಆ ಪುಸ್ತಕದ ರುಚಿ ಓಣಿಗೆ ಮೊದಲೇ ಸಿಕ್ಕಿತ್ತು ಅನ್ನು. ಅವಳು ಬಂದದ್ದು ಫೆಬ್ರವರಿಯಲ್ಲಿ, ಅಷ್ಟಗ್ರಹ ಕೂಡುತ್ತವೆ, ಲೋಕ ಮುಳುಗುತ್ತದೆ ಎಂದು ಊರೆಲ್ಲ ಹೋಮ ಹಾಕಿಸುತ್ತಿದ್ದ ವಾರದಲ್ಲಿ. ಭರಮವ್ವ, ಚಾಂದಬಿ ಎಲ್ಲ ಗೋವಾದ ಹುಡುಗಿಯನ್ನು ಮಾತಾಡಿಸಲು ಬಂದು ನಮ್ಮ ಕಟ್ಟೆಯ ಮೇಲೆ ಕೂತರೆ, ಈ ಮಹಾರಾಯ್ತಿ ಕೈ ಕಟ್ಟಿ ನಿಂತು ಲಿಸ್ಬನ್ನಿನ ಭೂಕಂಪದ ಪಾಠ ಒಪ್ಪಿಸಿದಳು. “ಸಾವಿರದ ಏಳನೂರಾ ಐವತ್ತೈದು, ನವೆಂಬರ್ ಒಂದು. ದೊಡ್ಡ ಹಬ್ಬ, ಮಂದಿಯೆಲ್ಲಾ ಗುಡಿಯಾಗ ದೀಪಾ ಹಚ್ಕೊಂಡು ನಿಂತಿದ್ರು. ನೆಲಾ ನಡುಗ್ತು. ಉಳದವ್ರು ಹೊಳಿ ದಂಡಿಗೆ ಓಡಿದ್ರ ಹೊಳಿ ಹಿಂದಕ್ಕ ಸರೀತು, ಆಮ್ಯಾಲೆ ಮಾಳಿಗಿ ಎತ್ತರ ನೀರು ಬಂತು. ನೀರಿನಾಗ ಉಳದದ್ದಕ್ಕ ಬೆಂಕಿ ಬಿತ್ತು.” ಭರಮವ್ವ ಎದೆ ಹಿಡಿದುಕೊಂಡು, “ಯವ್ವಾ, ಆ ವರ್ಸಾನೂ ಎಂಟು ಗ್ರಹ ಕೂಡಿದ್ವೇನ?” ಎಂದು ಕೇಳಿದಳು. ಚಾಂದಬಿ, “ಕೂಡಲಿ ಬಿಡವಾ, ನಮ್ಮಲ್ಲಿ ಹೊಳಿ ಎಲ್ಲೈತಿ ಹಿಂದಕ್ಕ ಸರಿಯಾಕ?” ಎಂದು ನಗಿಸಿದಳು. ಲೋಕವೇನೂ ಮುಳುಗಲಿಲ್ಲ. ನನಗೆ ಮಾತ್ರ ಆ ತಾರೀಕು ಮನಸ್ಸಿನಲ್ಲಿ ನಿಂತಿತು. ನವೆಂಬರ್ ಒಂದರಂದೇ ಅಲ್ಲವೇ ನಮ್ಮನ್ನೆಲ್ಲ ಮೈಸೂರು ರಾಜ್ಯಕ್ಕೆ ಸೇರಿಸಿದ್ದು? ಹುಟ್ಟಿದಾಗ ನಾನು ನವಾಬರ ಪ್ರಜೆ, ಆಮೇಲೆ ಮುಂಬಯಿಯವಳು, ಈಗ ಮೈಸೂರಿನವಳು. ಮನೆ ಅದೇ, ಹೊಸ್ತಿಲು ಅದೇ. ಆದ್ದರಿಂದ ಸರಕಾರ ಬದಲಾಯಿತೆಂದು ಮನುಷ್ಯ ಗಲಿಬಿಲಿಗೊಂಡರೆ ನನಗೆ ಅರ್ಥವಾಗುತ್ತದೆ, ಅಣ್ಣಾ. ಅದನ್ನು ನಿನ್ನ ತಪ್ಪೆಂದು ಎಣಿಸಲಿಲ್ಲ.

ಮೊದಲ ಮಧ್ಯಾಹ್ನ ಅವಳು ನಕ್ಷೆ ಹಾಸಿದಳು. ಯುರೋಪಿನ ನಕ್ಷೆ, ಅದರ ಮೇಲೆ ಕೆಂಪು ಬಣ್ಣದ ಅಂಗೋಲ, ಮೊಜಾಂಬಿಕ್ ಎಲ್ಲ ಕತ್ತರಿಸಿ ಅಂಟಿಸಿದ ಹಾಗೆ. ಸ್ಪೇನ್ ಕಾಣುವುದಿಲ್ಲ, ಫ್ರಾನ್ಸ್ ಕಾಣುವುದಿಲ್ಲ, ರಷ್ಯದ ಗಡಿಯವರೆಗೂ ಪೋರ್ಚುಗಲ್ಲೇ. ‘ಪೋರ್ಚುಗಲ್ ಸಣ್ಣ ದೇಶವಲ್ಲ’ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿದೆಯಂತೆ. ನಾನು ಶಾಲೆಯ ಭೂಪಟ ತಂದು, ಮೈಲಿನ ಲೆಕ್ಕ ಹಿಡಿದು ಅಳೆದೆ. ಆ ದೇಶ ನಮ್ಮ ಮೈಸೂರು ರಾಜ್ಯದ ಅರ್ಧಕ್ಕೂ ಸ್ವಲ್ಪ ಕಡಿಮೆ. ಎರಡು ಕಡೆ ಸಮುದ್ರ, ಉಳಿದೆರಡು ಕಡೆ ಸ್ಪೇನ್. ಶಂಕ್ರವ್ವನಿಗೆ ತೋರಿಸಿದರೆ ನಂಬಲಿಲ್ಲ; ಪಟ್ಟಿ ಕಸಿದುಕೊಂಡು ತಾನೇ ಅಳೆದಳು. ಆ ದೇಶದ ಐದು ಹೊಳೆಗಳ ಹೆಸರು, ರೈಲು ನಿಲ್ಲುವ ಊರುಗಳ ಹೆಸರು ಅವಳಿಗೆ ಬಾಯಿಪಾಠ. ಅವಳ ತಾಯಿಯ ತವರು ಹಂಸಭಾವಿ ಯಾವ ದಿಕ್ಕಿಗೆ ಎಂದರೆ ಗೊತ್ತಿಲ್ಲ. ಹೊಳೆವ್ವ ವೈನಿ ಬದುಕಿದ್ದಿದ್ದರೆ ನಾಲ್ಕು ಮಾತು ಅಂದಿರುತ್ತಿದ್ದಳು ನಿನಗೆ.

ಆದರೆ ಪುಸ್ತಕ ಮುಂದುವರಿದಂತೆ ನಾನು ಮೆತ್ತಗಾದೆ ಎಂಬುದನ್ನೂ ಬರೆಯಬೇಕು. ಎಂಟುನೂರು ವರ್ಷಗಳ ಹಿಂದೆ ಒಬ್ಬ ಪಾಳೆಯಗಾರನ ಮಗ ತನ್ನ ತಾಯಿಯ ಮೇಲೇ ದಂಡೆತ್ತಿ ಗೆದ್ದು ರಾಜನಾದನಂತೆ. ಆಗಿನ ಗಡಿ ದಕ್ಷಿಣಕ್ಕೆ ಸಮುದ್ರ ಮುಟ್ಟಿದ ಮೇಲೆ ಹೆಚ್ಚುಕಡಿಮೆ ಈಗಲೂ ಅದೇ ಗಡಿ. ಯುರೋಪಿನಲ್ಲಿ ಇಂಥದು ಬಹಳ ಇಲ್ಲ. ಹೊಲ ಕಲ್ಲು, ಮೀನು ಬಿಟ್ಟರೆ ಗತಿಯಿಲ್ಲ, ಅದಕ್ಕೇ ಹಡಗು ಕಟ್ಟಿದರು. ಆಫ್ರಿಕ ಸುತ್ತಿ ನಮ್ಮ ಕರಾವಳಿಗೆ ಮೆಣಸಿಗಾಗಿ ಬಂದರು, ಹನ್ನೆರಡು ವರ್ಷದಲ್ಲಿ ಗೋವಾ ಹಿಡಿದರು. ಆಮೇಲೊಬ್ಬ ಎಳೆಯ ರಾಜ ಮೊರಾಕ್ಕೊದ ಮರಳಿನಲ್ಲಿ ಯುದ್ಧಕ್ಕೆ ಹೋಗಿ ಕಾಣೆಯಾದ. ಹೆಣ ಕಂಡವರು ಯಾರೆಂಬುದೇ ಜಗಳ. ಮಂಜು ಕವಿದ ಒಂದು ಬೆಳಿಗ್ಗೆ ಅವನು ತಿರುಗಿ ಬರುತ್ತಾನೆಂದು ಆ ಜನ ನೂರಾರು ವರ್ಷ ದಾರಿ ಕಾಯ್ದರಂತೆ. ಅವ್ವ ಅಲ್ಲೇ ಹತ್ತಿ ಬಿಡಿಸುತ್ತ ಕೂತಿದ್ದಳು. ಕೈ ನಿಲ್ಲಿಸಿ, “ತಾಯಿ ಇದ್ದಳೇನ ಅವಗ?” ಎಂದು ಕೇಳಿದಳು. ಅವನು ಹುಟ್ಟುವ ಮೊದಲೇ ತಂದೆ ಸತ್ತಿದ್ದ, ತಾಯಿ ಕೂಸನ್ನು ಬಿಟ್ಟು ತವರು ಸ್ಪೇನಿಗೆ ಹೋಗಿದ್ದಳು ಎಂದಳು ಶಂಕ್ರವ್ವ. “ಅದಕ್ಕ ಹಂಗಾತು” ಎಂದು ಅವ್ವ ಮತ್ತೆ ಹತ್ತಿಗೆ ಕೈ ಹಾಕಿದಳು.

ನಿನ್ನೆ ಓದಿದ್ದು ಅದರ ಮುಂದಿನ ಪಾಠ. ಅಲ್ಲಿಂದ ನಾನು ನಿದ್ದೆ ಮಾಡಿಲ್ಲ. ರಾಜನಿಲ್ಲದ ಆ ದೇಶವನ್ನು ಸ್ಪೇನಿನವರು ನುಂಗಿ ಅರವತ್ತು ವರ್ಷ ಆಳಿದರು. 1640ರ ಡಿಸೆಂಬರ್ ಒಂದರಂದು ಲಿಸ್ಬನ್ನಿನ ನಲವತ್ತು ಜನ ಅರಮನೆಗೆ ನುಗ್ಗಿ, ಪರರ ಮಂತ್ರಿಯನ್ನು ಕೊಂದು ಕಿಟಕಿಯಿಂದ ಕೆಳಗೆ ಎಸೆದು, ನಾವು ಸ್ವತಂತ್ರರು ಎಂದು ಕೂಗಿದರು. ಆ ದಿನ ಅವರಿಗೆ ಇಂದಿಗೂ ಸೂಟಿ. ಮಡಗಾಂವದ ಶಾಲೆಯಲ್ಲೂ ವರ್ಷವರ್ಷ ಬಾವುಟ ಹಾರಿಸಿ, ‘ಪರರ ಆಳ್ವಿಕೆ ಎಷ್ಟೇ ಸುಖವಾಗಿದ್ದರೂ ಆಳ್ವಿಕೆಯೇ’ ಎಂದು ಮಕ್ಕಳಿಂದ ಹೇಳಿಸುತ್ತಿದ್ದರಂತೆ! ಆ ಸಾಲನ್ನು ನಾನು ನಾಲ್ಕು ಸಲ ಹೇಳಿಸಿದೆ. ಅನುವಾದ ಸರಿಯಾಗಿಯೇ ಇತ್ತು. ಅರವತ್ತು ವರ್ಷವನ್ನು ಮುನ್ನೂರು ವರ್ಷ ನೆನಪಿಟ್ಟ ಜನ ನಾಲ್ಕುನೂರ ಐವತ್ತು ವರ್ಷ ನಮ್ಮವರ ಮೇಲೆ ಕೂತು ಇದೇ ಪಾಠ ಹೇಳಿಕೊಟ್ಟರೇ? ಮುಖವೊಂದೂ ಕೆಂಪಾಗಲಿಲ್ಲವೇ?

ಆ ಸಿಟ್ಟಿನಲ್ಲಿ ನಾನು ಆಡಬಾರದ್ದು ಆಡಿದೆ. “ನಿನ್ನ ಗುಡ್ಡಪ್ಪ ಕಾಕಾನ ಕಿವಿ ಹೆಂಗ ಹೋತು ಗೊತ್ತೇನ? ಐವತ್ತೈದರಾಗ ಹಾನಗಲ್ಲಿನವರ ಕೂಡ ಸತ್ಯಾಗ್ರಹಕ್ಕಂತ ಗೋವಾ ಗಡಿ ದಾಟಿದ. ಇದ ಸ್ವಾತಂತ್ರ್ಯ ಬೇಕಂದಿದ್ದಕ್ಕ ಬಂದೂಕಿನ ಹಿಡಿಲೆ ಹೊಡದ್ರು” ಎಂದೆ. ಶಂಕ್ರವ್ವ ಪುಸ್ತಕದಿಂದ ತಲೆ ಎತ್ತದೆ, “ಗೊತ್ತೈತ್ರಿ ಅತ್ತಿ. ಆವತ್ತ ಅಪ್ಪನೇ ಅವರ ಹೆಸರೆಲ್ಲಾ ಬರಕೊಂಡಿದ್ದು” ಎಂದಳು.

ಅಣ್ಣಾ, ಅವಳು ಅದನ್ನು ಶಾಲೆಯ ಹಾಜರಿ ಕೂಗಿದಂತೆ ಹೇಳಿದಳು. ಆಗ ಅವಳಿಗೆ ಏಳು ವರ್ಷ. ಪೋಲೀಸ್ ಜೀಪು ಬಂತು, ಕನ್ನಡದವರನ್ನು ಹಿಡಿದಿದ್ದಾರೆ, ಭಾಷೆ ಬಲ್ಲವರು ಬೇಕು ಎಂದು ನಿನ್ನನ್ನು ಗಡಿಯ ಠಾಣೆಗೆ ಕರೆದೊಯ್ದರು, ಎರಡು ದಿನ ನೀನು ಮನೆಗೆ ಬರಲಿಲ್ಲ. ಬಂದ ಮೇಲೆ ಬಾಗಿಲು ಹಾಕಿಕೊಂಡು ಹೊಳೆವ್ವ ವೈನಿಗೆ, “ನನ್ನ ಕೈಲೇ ನನ್ನ ತಮ್ಮನ ಹೆಸರು ಬರಸಿದ್ರು. ಒಳಗ ಹೊಡೆಯೂದು ಕೇಳಸ್ತಿತ್ತು, ನಾ ಬರಕೋತ ಕುಂತಿದ್ದೆ” ಎಂದೆಯಂತೆ. ಹುಡುಗಿಗೆ ಪ್ರತಿ ಶಬ್ದ ನೆನಪಿದೆ. ಎರಡನೆಯ ಸಲ ಹೇಳಿಸುವ ಧೈರ್ಯ ನನಗೆ ಬರಲಿಲ್ಲ.

ಗೋಡೆಯ ಈಚೆ ನೀನು, ಆಚೆ ಗುಡ್ಡಪ್ಪ! ನಾನು ಓದಿದ ಯಾವ ದೇಶದ ಕಾದಂಬರಿಯಲ್ಲೂ ಇದನ್ನು ಕಂಡಿದ್ದರೆ, ಬರೆದವರು ಜೋಡಿಸಿದ್ದು ಎಂದು ಪುಸ್ತಕ ಮುಚ್ಚುತ್ತಿದ್ದೆ. ಗುಡ್ಡಪ್ಪ ಬಂದಾಗ ಆರು ವಾರ ಅವನ ಕಿವಿಗೆ ಕಾವು ಕೊಟ್ಟವಳು ನಾನು. ಎದ್ದು ಅಡಿಗೆಮನೆಗೆ ಹೋದೆ, ಯಾಕೆ ಹೋದೆನೆಂದು ತಿಳಿಯಲಿಲ್ಲ, ಹಿಟ್ಟಿನ ಡಬ್ಬಿ ತೆರೆದು ಮುಚ್ಚಿದೆ. ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದಾಗ ಅದು ಬೇರೆ ಪತ್ರವಾಗಿತ್ತು. ನೀನು ಆ ದೇಶಕ್ಕೆ ಹೋಗುತ್ತಿಲ್ಲ. ಗುಡ್ಡಪ್ಪನ ಮುಖದಿಂದ ಓಡುತ್ತಿದ್ದೀ. ಗಡಿ ತೆರೆದು ನಾಲ್ಕು ತಿಂಗಳಾದರೂ ಮಗಳನ್ನಷ್ಟೇ ಕಳಿಸಿದೆ, ನೀನು ಬರಲಿಲ್ಲ. ಅಂಗಡಿ, ಮೊಣಕಾಲು ಎಂದು ಬರೆದೆ. ಒಲ್ಲೆನೆನ್ನುವ ಶಕ್ತಿ ಆ ಠಾಣೆಯಲ್ಲಿ ನಿನಗೆ ಇರಲಿಲ್ಲವೆಂದು ನನ್ನ ಬುದ್ಧಿ ಹೇಳುತ್ತದೆ. ಮನಸ್ಸು ಇನ್ನೂ ಒಪ್ಪಿಲ್ಲ. ಸುಳ್ಳು ಬರೆಯಲಾರೆ.

ಗುಡ್ಡಪ್ಪನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಏನಾಗುವುದೋ ನನಗೆ ತೋಚದು. ಶಂಕ್ರವ್ವನಿಗೆ ಬಾಯಿ ಬಿಡಬೇಡ ಎಂದಿದ್ದೇನೆ. ಯಾಕೆ ಎಂದು ಕೇಳಿದಳು, ನೀರು ತರಲು ಕಳಿಸಿದೆ. ಇಪ್ಪತ್ತೆರಡಕ್ಕೆ ಅವಳನ್ನು ಕಳಿಸಲೋ ಬೇಡವೋ ಎಂಬುದೂ ತೀರ್ಮಾನವಾಗಿಲ್ಲ. ಕಳಿಸಿದರೆ ನಿಮ್ಮಿಬ್ಬರನ್ನೂ ಮತ್ತೆ ನೋಡುವುದಿಲ್ಲ. ಇಟ್ಟುಕೊಂಡರೆ ನೀನೊಬ್ಬನೇ ಆ ಹಡಗು ಹತ್ತುತ್ತೀಯೇನೋ ಎಂಬ ಹೆದರಿಕೆ.

ಅವ್ವ ನಿನ್ನ ತಲೆ ಸವರಿದ್ದೇನೆಂದು ಬರೆ ಎಂದಳು, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಸುಶೀಲವ್ವ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗುಡ್ಡಪ್ಪ ತೋಟದಿಂದ ಬಂದ, ನನ್ನ ಮುಖ ನೋಡಿ ಏನಾತು ಎಂದ. ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿದೆ. ಕಾಲು ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. “ನನಗ ಆವತ್ತೇ ಗೊತ್ತಾಗೈತಿ” ಎಂದ. ಎರಡನೆಯ ಬೆಳಿಗ್ಗೆ ಠಾಣೆಯ ಪಹರೆಯವನು ಒಳಗೆ ಒಂದು ವೀಳ್ಯದೆಲೆಯ ಕಟ್ಟು ಎಸೆದನಂತೆ. ಬಾಳೆನಾರನ್ನು ಎಡಕ್ಕೆ ಹೊಸೆದು ಕಟ್ಟಿದ್ದು. ಎಡಚನಾದ ನಮ್ಮ ಅಪ್ಪನಿಂದ ಕಲಿತವರು ಬಿಟ್ಟರೆ ಹಾಗೆ ಕಟ್ಟುವವರು ಯಾರಿದ್ದಾರೆ? ಉಳಿದವರು ವಿಷವಿದ್ದೀತು, ಮುಟ್ಟಬ್ಯಾಡ ಎಂದರಂತೆ. “ಹದಿನಾಲ್ಕು ಎಲಿ ಇದ್ವು ಅಕ್ಕಾ, ಒಂದೂ ಬಿಡಲಿಲ್ಲ, ತಿಂದೆ. ಅಣ್ಣ ಕೊಟ್ಟ ವೀಳ್ಯೆ ಅದು. ಮನ್ಯಾಗ ಹೇಳಿದ್ರ ಅವ್ವ ಅವನ ಹೆಸರು ತಗೊಳ್ಳೂದು ಬಿಡ್ತಿದ್ಳು, ಅದಕ್ಕ ಹೇಳಲಿಲ್ಲ” ಎಂದ. ಟಪಾಲು ಹೋಗುವ ಹೊತ್ತಾಯಿತು. ಇಪ್ಪತ್ತೆರಡಕ್ಕೆ ಮಲ್ಲಿಕಸಾಬರ ಜೊತೆ ಶಂಕ್ರವ್ವ ಬರುವುದಿಲ್ಲ. ಗುಡ್ಡಪ್ಪ ಬರುತ್ತಾನೆ. ಅವನು ಬಂದು ಮುಟ್ಟುವವರೆಗೆ ಯಾವುದಕ್ಕೂ ಸಹಿ ಹಾಕಬೇಡ.