ಬೋಟಿನಲ್ಲಿ ಉಳಿದವರು

ಏಪ್ರಿಲ್ 6, ಸೋಮವಾರ. ಬೆಳಗ್ಗೆ

ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚಿಕೊಟ್ಟರು ಇವರು. ಕೇಳಿದ್ದಕ್ಕೆ ಹಚ್ಚಿದರು. ಭುಜದಿಂದ ಶುರು, ಸೊಂಟದವರೆಗೆ, ಎಲ್ಲೂ ಜಾಗ ಬಿಡದೆ. ಲಿಫ್ಟಿನ ಹಗ್ಗಕ್ಕೆ ಗ್ರೀಸ್ ಬಳಿಯುವಷ್ಟೇ ಶ್ರದ್ಧೆ. ಲಿಫ್ಟ್ ಮೆಕ್ಯಾನಿಕ್‌ನ ಕಟ್ಟಿಕೊಂಡರೆ ಇಷ್ಟೇ — ಅಂದೂಬಿಟ್ಟೆ. ನಕ್ಕರು... ಅರ್ಧ. ಆಮೇಲೆ ಟವೆಲ್ಲಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ ಕೂತರು.

ದ್ವೀಪದ ಈ ಕೋಣೆ ಚೆನ್ನಾಗಿದೆ. ಬಾಗಿಲು ತೆಗೆದರೆ ಮರಳು, ಮರಳು ದಾಟಿದರೆ ನೀರು. ಮಂಚ ಮಾತ್ರ ವಿಪರೀತ ದೊಡ್ಡದು. ಇಬ್ಬರೂ ಒಂದೊಂದು ಅಂಚಿಗೆ ಮಲಗಿದರೆ ನಡುವೆ ಇನ್ನೊಂದು ಸಂಸಾರ ಹೂಡಬಹುದು.

ಮಾತು ಕೊಟ್ಟಿದ್ದೇವೆ, ಈ ವಾರ ಆ ವಿಷಯ ಎತ್ತುವಂತಿಲ್ಲ. ಬಿಟ್ಟು ಹೋಗುತ್ತೇನೆ ಅಂದವರು ಅವರು. ಬೇರೆ ಯಾರೂ ಇಲ್ಲ, ಜಗಳವೂ ಇಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, "ನಂಗೆ ಏನೂ ಅನ್ನಿಸ್ತಾ ಇಲ್ಲ ಕಣೇ. ಸುಳ್ಳು ಸುಳ್ಳೇ ಎಷ್ಟು ದಿನ ಇರ್ಲಿ?" ಅಂದರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಗಿ ಎರಡು ಸಲ ಹಾಕಿದೆ. ಒಂದು ವಾರ ಕೊಡಿ ಅಂದವಳು ನಾನು. ಎಲ್ಲಾದರೂ ದೂರ ಹೋಗೋಣ, ಇಬ್ಬರೇ. ಆಮೇಲೂ ಹಾಗೇ ಅನಿಸಿದರೆ ತಡೆಯುವುದಿಲ್ಲ. ಒಪ್ಪಿದರು. ಒಳ್ಳೆಯವರು. ಅದೇ ನನಗೆ ಹೊಟ್ಟೆ ಉರಿ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಹಗುರ ಆಗುತ್ತಿದ್ದೆ.

ಸಂಜೆ

ಕಯಾಕ್. ಇಬ್ಬರು ಕೂರುವ ಸಣ್ಣ ದೋಣಿ. ನಾನು ಮುಂದೆ, ಅವರು ಹಿಂದೆ. ಹುಟ್ಟುಗಳು ಒಂದಕ್ಕೊಂದು ಬಡಿದುಕೊಂಡಿದ್ದೇ ಬಡಿದುಕೊಂಡಿದ್ದು.

"ಎಡಕ್ಕೆ ಹಾಕೇ ಅಂದ್ರೆ!"

"ನಿಮ್ಮ ಎಡಾನೋ ನನ್ನ ಎಡಾನೋ?"

"ಒಂದೇ ಕಡೆ ಮುಖ ಮಾಡಿ ಕೂತಿದೀವಲ್ಲೇ, ಇಬ್ರಿಗೂ ಒಂದೇ ಎಡ!"

ನಕ್ಕು ನಕ್ಕು ದೋಣಿ ಮಗುಚಿತು. ಸೊಂಟದಷ್ಟು ನೀರು, ಮುಳುಗುವವರು ಯಾರೂ ಇಲ್ಲ. ಆದರೂ ಗಬಕ್ಕನೆ ನನ್ನ ರಟ್ಟೆ ಹಿಡಿದುಕೊಂಡರು. ಈ ಸಲ ಇಡೀ ನಗು. ನೋಡಿದೆ ನಾನು.

ಏಪ್ರಿಲ್ 7, ಮಂಗಳವಾರ

ಗುಡ್ಡ ಹತ್ತಿದೆವು. ಮೇಲೆ ಸಣ್ಣ ಜಲಪಾತ. ಅವರದ್ದು ದಾಪುಗಾಲು, ನನ್ನದು ಏದುಸಿರು. ಪ್ರತಿ ತಿರುವಿನಲ್ಲೂ ನಿಂತು ಕಾದರು. ನೀರಿನ ಬಾಟಲಿ ಕೊಡುವಾಗ ಮುಚ್ಚಳ ಸಡಿಲಿಸಿ ಕೊಟ್ಟರು. ಏನೂ ಅನ್ನಿಸದವರು ಮುಚ್ಚಳ ಸಡಿಲಿಸುತ್ತಾರಾ?... ಹುಚ್ಚಿ ನಾನು. ಮುಚ್ಚಳಕ್ಕೆಲ್ಲ ಅರ್ಥ ಹುಡುಕುತ್ತಾ ಕೂತಿದ್ದೇನೆ.

ಕಾಲಲ್ಲಿ ಬೊಬ್ಬೆ ಎದ್ದಿದೆ. ನಾಳೆ ಸ್ಕೂಬಾ ತರಬೇತಿ, ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದಕ್ಕೆ.

ಏಪ್ರಿಲ್ 8, ಬುಧವಾರ. ಮಧ್ಯಾಹ್ನ

ಈಜುಕೊಳದಲ್ಲಿ ಪಾಠ. ಕಲಿಸುವವರಿಗೆ ದಪ್ಪ ಮೀಸೆ, ಮಾಸ್ಕ್ ಹಾಕಿದರೆ ಮೀಸೆಯ ಸಂದಿಯಿಂದ ನೀರು ನುಗ್ಗುತ್ತದಂತೆ, ಆದರೂ ಬೋಳಿಸರು. ಮೀಸೆ ಮೇಷ್ಟ್ರು ಅಂತ ನಾನೇ ಹೆಸರಿಟ್ಟೆ. ಅವರ ಮೊದಲ ನಿಯಮ: ನೀರೊಳಗೆ ಯಾವ ಕಾರಣಕ್ಕೂ ಉಸಿರು ಹಿಡಿಯಬಾರದು. ಎಳೆದುಕೊಳ್ಳಿ, ಬಿಡಿ, ಎಳೆದುಕೊಳ್ಳಿ, ಬಿಡಿ.

ನಾನು ಹಿಡಿದೆ. ತಲೆ ಮುಳುಗಿದ ತಕ್ಷಣ ಹಿಡಿದೆ. ಮತ್ತೆ ಹೇಳಿದರು, ಮತ್ತೆ ಹಿಡಿದೆ. ಮೇಷ್ಟ್ರಿಗೆ ತಲೆ ಕೆಟ್ಟಿತು. "ಏನಮ್ಮಾ, ಯಾರು ಹೇಳ್ಕೊಟ್ರು ನಿಮ್ಗೆ ಉಸಿರು ಹಿಡಿಯೋಕೆ?"

ಇವರು ಕೊಳದ ಅಂಚಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಸಾರ್, ಅವಳು ಆಸ್ಪತ್ರೇಲಿ ಎಕ್ಸ್‌ರೇ ತೆಗೀತಾಳೆ. ಬೆಳಗಿಂದ ಸಂಜೆ ತನಕ ಕಂಡಕಂಡವರಿಗೆಲ್ಲ 'ಉಸಿರು ಹಿಡೀರಿ, ಅಲ್ಲಾಡ್ಬೇಡಿ' ಅನ್ನೋದೇ ಅವಳ ಕೆಲ್ಸ. ಹೇಳೀ ಹೇಳೀ ಅವಳಿಗೇ ಅಂಟಿದೆ."

ಎಷ್ಟು ಹೆಮ್ಮೆಯಿಂದ ಹೇಳಿದರು! ತಮ್ಮ ವಸ್ತು ಅನ್ನುವ ಹಾಗೆ. ಆಮೇಲೆ ತಾವೇ ನೀರಿಗಿಳಿದು, ನನ್ನ ಎದುರು ಮಂಡಿಯೂರಿ, ಬೆರಳಾಡಿಸಿ ತಾಳ ಹಾಕಿದರು: ಒಳಗೆ, ಹೊರಗೆ. ಕೊನೆಗೂ ಬಂತು. ಅವರ ಬೆರಳು ನೋಡಿಕೊಂಡೇ ಉಸಿರಾಡಿದೆ.

ಬರೆಯಲು ಹೆದರಿಕೆ. ದೃಷ್ಟಿ ತಾಕೀತು. ಆದರೂ — ಇವರು ಉಳಿಯುತ್ತಾರೆ.

ಏಪ್ರಿಲ್ 9, ಗುರುವಾರ. ಮಧ್ಯಾಹ್ನ

ಒದ್ದೆ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ, ಖುಷಿಗೆ.

ಇವರಿಗೆ ಸಮುದ್ರಕ್ಕೆ ಇಳಿಯಲಾಗಲಿಲ್ಲ. ಆಳೆತ್ತರ ಹೋಗುವಷ್ಟರಲ್ಲಿ ಕಿವಿ ನೋವು. ಮೂಗು ಹಿಡಿದು ಊದಿದರು, ಮೇಲೆ ಬಂದರು, ಮತ್ತೆ ಇಳಿದರು. ಊಹೂಂ. ದಿನವೆಲ್ಲ ಮೇಲೆ ಕೆಳಗೆ ಓಡಾಡುವ ಮನುಷ್ಯ! ಮೇಷ್ಟ್ರು, "ನೆಗಡಿ ಇರ್ಬೇಕು, ಬಲವಂತ ಮಾಡ್ಬೇಡಿ, ಕಿವಿ ಹೋಗ್ಬಿಡುತ್ತೆ" ಅಂತ ಬೋಟು ಹತ್ತಿಸಿದರು. ನಾನೂ ಬರುತ್ತೇನೆ ಅಂದೆ.

"ಏ ಹೋಗ್ಬಾರೇ ನೀನು. ನಾನು ಇಲ್ಲೇ ಇರ್ತೀನಿ."

ಇಲ್ಲೇ ಇರ್ತೀನಿ. ಎಷ್ಟು ದಿನ ಆಗಿತ್ತು ಈ ಮಾತು ಕೇಳಿ.

ಮೇಷ್ಟ್ರ ಜೊತೆ ಇಳಿದೆ. ಕೆಳಗೆ ಎಂಥ ಲೋಕ. ಹವಳದ ಸಂದಿಯಲ್ಲಿ ಹಳದಿ ಮೀನುಗಳ ಹಿಂಡು, ಎಲ್ಲವೂ ಒಟ್ಟಿಗೇ ತಿರುಗುತ್ತವೆ, ಯಾರೋ ಕೂಗಿದ ಹಾಗೆ. ಒಂದು ಆಮೆ, ನಮ್ಮ ಬಡಾವಣೆಯ ರಿಟೈರ್ಡ್ ಹೆಡ್‌ಮಾಸ್ಟರ್ ವಾಕಿಂಗ್ ಹೋದಂತೆ, ಯಾರನ್ನೂ ನೋಡದೆ ದಾಟಿಹೋಯಿತು. ತೋರಿಸೋಣ ಅಂತ ಎರಡು ಸಲ ಪಕ್ಕಕ್ಕೆ ತಿರುಗಿದೆ. ಇವರಿಲ್ಲ ಅನ್ನುವುದೇ ನೆನಪಿಲ್ಲ.

ಸೆಳೆತ ಜೋರಿತ್ತಂತೆ. ನನಗೇನು ಗೊತ್ತು. ನೀರ ಮೇಲೆ ಎದ್ದಾಗ ಬೋಟು ಎಲ್ಲೋ ದೂರ, ಹೇಳಿದ ಹೊತ್ತಿಗಿಂತ ಬಹಳ ತಡವೂ ಆಗಿತ್ತು. ಬೋಟಿನವನು ನಮ್ಮನ್ನು ಕಂಡು ಅಂಗಿ ಬಿಚ್ಚಿ ಬೀಸಿದ. ಹತ್ತಿ ನೋಡಿದರೆ ಇವರು ಮೂಲೆಯಲ್ಲಿ, ಮುಖಕ್ಕೆ ಟವೆಲ್ ಒತ್ತಿಕೊಂಡು ಕೂತಿದ್ದಾರೆ. ಕಣ್ಣು ಕೆಂಪಗೆ. ಅತ್ತಿದ್ದಾರೆ!

ನನಗಾಗಿ ಅತ್ತಿದ್ದಾರೆ. ಮದುವೆಯಾದಾಗಿನಿಂದ ಇವರು ಅತ್ತಿದ್ದು ಕಂಡಿಲ್ಲ. ಏನೂ ಅನ್ನಿಸ್ತಿಲ್ಲವಂತೆ, ಏನೂ ಅನ್ನಿಸ್ತಿಲ್ಲವಂತೆ! ಮಲಗಿದ್ದಾರೆ ಈಗ. ಎದ್ದ ಮೇಲೆ ಕೇಳುತ್ತೇನೆ, ಯಾಕೆ ಅತ್ರಿ ಅಂತ. ಬಾಯಿ ಬಿಡಿಸಿಯೇ ಬಿಡುತ್ತೇನೆ.

ಏಪ್ರಿಲ್ 11, ಶನಿವಾರ

ಕೇಳಬಾರದಿತ್ತು.

ಮೊನ್ನೆ ಸಂಜೆ ಕೇಳಿದೆ, ಜಾರಿಕೊಂಡರು. ನಿನ್ನೆ ಮತ್ತೆ ಕೇಳಿದೆ. ಮರಳಲ್ಲಿ ನಡೆಯುತ್ತಾ, ತೋಳು ಜಗ್ಗುತ್ತಾ, ಹೊಸದಾಗಿ ಮದುವೆಯಾದವಳ ಹಾಗೆ. ಹೇಳ್ರೀ, ಹೇಳ್ರೀ. ಕೋಣೆಯ ಮೆಟ್ಟಿಲ ಹತ್ತಿರ ಬಂದು ನಿಂತರು.

"ಆ ವಿಷ್ಯ ಎತ್ತಲ್ಲ ಅಂತ ಮಾತಾಗಿದೆ ಕಣೇ."

"ನಾನೇ ಕೇಳ್ತಿದೀನಲ್ಲ, ಪರವಾಗಿಲ್ಲ ಹೇಳಿ."

ಹೇಳಿದರು. ನನ್ನ ಮುಖ ನೋಡದೆ, ನಿಧಾನಕ್ಕೆ.

"ಮೊದ್ಲೆಲ್ಲ ನೀನು ಡ್ಯೂಟಿಯಿಂದ ಬರೋದು ಸ್ವಲ್ಪ ತಡ ಆದ್ರೆ ಬಸ್‌ಸ್ಟಾಪಿಗೆ ಓಡಿ ಬರ್ತಿದ್ದೆ. ನೆನಪಿದೆಯಾ? ಕೈಕಾಲೆಲ್ಲ ತಣ್ಣಗಾಗೋದು. ನಿನ್ನೆ ನೀರ ಮೇಲೆ ನಿಮ್ಮ ಉಸಿರಿನ ಗುಳ್ಳೆ ಕಾಣ್ಸೋದು ನಿಂತ್ಹೋಯ್ತು. ಬೋಟಿನವ್ನು ಕೂಗ್ತಾ ಇದ್ದ, ದೇವ್ರೇ ದೇವ್ರೇ ಅಂತಿದ್ದ. ನಿನ್ನ ಹೆಸ್ರೂ ಗೊತ್ತಿಲ್ಲ ಅವನಿಗೆ. ನಾನು ಈಗ ಭಯ ಆಗುತ್ತೆ, ಈಗ ಆಗುತ್ತೆ ಅಂತ ಕಾಯ್ತಾ ಕೂತಿದ್ದೆ. ಆಗ್ಲೇ ಇಲ್ಲ. ಪಾಪ ಅನ್ನಿಸ್ತು, ಅಷ್ಟೇ. ಯಾರ ಬಗ್ಗೆ ಆದ್ರೂ ಅನ್ಸೋಷ್ಟು. ಅದಕ್ಕೇ ಅಳು ಬಂತು."

"ಚಪ್ಪಲಿ ಹೊರಗೇ ಬಿಡಿ, ಮರಳು ಒಳಗೆ ಬರುತ್ತೆ" ಅಂದೆ. ಬಿಟ್ಟರು.

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಎದೆಯಲ್ಲಿ ಏನೋ ಕಳಚಿಕೊಂಡಿದೆ. ದಿನಾ ಜನರ ಎದೆಯ ಚಿತ್ರ ತೆಗೆಯುತ್ತೇನೆ, ಮೂಳೆ ಮುರಿದಿದ್ದರೆ ಕಂಡೀತು, ಇದು ಯಾವ ಫಿಲ್ಮಿನಲ್ಲೂ ಬರುವುದಿಲ್ಲ. ಸಿಟ್ಟು ಮಾಡೋಣವೆಂದರೆ ಅದಕ್ಕೂ ದಾರಿ ಕೊಡಲಿಲ್ಲ ಮಹಾನುಭಾವರು. ಕೂತು ಅತ್ತಿದ್ದಾರೆ, ನನ್ನ ಮೇಲಿನ ಪ್ರೀತಿ ಹೋಯಿತಲ್ಲ ಅಂತ. ಅದಕ್ಕಿಂತ ಒಳ್ಳೆಯ ಗಂಡ ಎಲ್ಲಿ ಸಿಗಬೇಕು.

ಬೆಳಗ್ಗೆ ನಾನೇ ಹೇಳಿದೆ, "ನಾಳೆ ನೀವು ಮುಂಚೆ ಹೋಗಿ. ನಾನು ಸೋಮವಾರ ಬರ್ತೀನಿ. ಪಕ್ಕಪಕ್ಕ ಕೂತು ಊರು ಸೇರೋದು ನನ್ನ ಕೈಲಾಗಲ್ಲ."

"ಒಬ್ಳೇ ಇರ್ತೀಯಾ?"

"ರೂಢಿ ಆಗ್ಬೇಕಲ್ಲ."

ಒಪ್ಪಿದರು. ತಡೆಯುವುದಿಲ್ಲ ಅಂತ ನಾನೂ ಮಾತು ಕೊಟ್ಟಿದ್ದೆನಲ್ಲ.

ಏಪ್ರಿಲ್ 12, ಭಾನುವಾರ. ಬೆಳಗ್ಗೆ

ಹೋದರು. ಹನ್ನೊಂದರ ಬೋಟು. ಅವರ ಅಂಗಿ ನಾನೇ ಮಡಿಸಿಕೊಟ್ಟೆ, ಅವರು ಮಡಿಸಿದರೆ ಉಂಡೆ. ಬೋಟು ಹತ್ತುವ ಜೆಟ್ಟಿವರೆಗೆ ಬರಬೇಡ ಅಂದರು. ಹೋದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಊಟ ಬಿಡ್ಬೇಡ" ಅಂದರು. "ನೀವೂ" ಅಂದೆ. ಅಷ್ಟೇ. ಇಷ್ಟು ವರ್ಷದ ಸಂಸಾರ ಊಟದ ಮಾತಲ್ಲಿ ಮುಗಿಯಿತು.

ನಾಲ್ಕೂವರೆ. ಜೆಟ್ಟಿಯ ಬೆಂಚು

ಇವರ ಬೋಟು ಒಂದು ಗಂಟೆಗೆಲ್ಲ ಆಚೆ ದಡ ಸೇರಬೇಕಿತ್ತು. ಸೇರಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು, ಬೇರೆ ಬೋಟುಗಳನ್ನೆಲ್ಲ ಎಳೆದು ಕಟ್ಟಿದ್ದಾರೆ. ಇವರ ಫೋನು ಸಿಗುತ್ತಿಲ್ಲ. ಬರಿಗಾಲಲ್ಲೇ ಓಡಿಬಂದಿದ್ದೇನೆ, ಈಗ ನೋಡಿದರೆ ಪಾದ ಕೊಯ್ದಿದೆ. ಬರೆಯದೆ ಸುಮ್ಮನೆ ಕೂರಲಾಗುತ್ತಿಲ್ಲ. ಕೈ ಕಾಲು ತಣ್ಣಗೆ.

ಟಿಕೆಟ್ ಕೊಡುವವರು ಕಿಟಕಿಯಿಂದ ತಲೆ ಹಾಕಿ, "ಬೋಟಲ್ಲಿ ಯಾರಾದ್ರೂ ಇದಾರೇನಮ್ಮಾ?" ಅಂದರು.

"ಹೂಂ. ನಮ್ಮನೆಯವ್ರು."

ಬಾಯಿಂದ ಬಂದುಬಿಟ್ಟಿತು.

ಐದು ಹತ್ತು

ಎಂಜಿನ್ ಕೆಟ್ಟಿತ್ತಂತೆ ನಡುದಾರಿಯಲ್ಲಿ. ಇನ್ನೊಂದು ಬೋಟು ಹೋಗಿ ಎಳೆದುಕೊಂಡು ಬಂದಿದೆ. ಎಲ್ಲರೂ ಸೇರಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಟಿಕೆಟ್ಟಿನವರು ಓಡಿಬಂದು ಹೇಳಿದರು. ನನ್ನ ಅಳು ಮಾತ್ರ ನಿಲ್ಲುತ್ತಿಲ್ಲ.

"ಇನ್ನೂ ಯಾಕಮ್ಮಾ ಅಳ್ತೀರಿ? ಸೇರಿದ್ರಲ್ಲ ನಿಮ್ಮನೆಯವ್ರು!"

ಗೊತ್ತು ಸಾರ್ ಅಂದೆ. ಸೇರಿದ್ದಾರೆ. ಪಾಪ, ಕುಡಿಯಲು ನೀರು ತಂದುಕೊಟ್ಟು ಹೋದರು. ಬೋಟಿನಲ್ಲಿ ಕೂತು ಇವರು ಕಾದರೂ ಬಾರದ ಭಯ ನನಗೆ ಕರೆಯದೆಯೇ ಬಂದಿದೆ, ಇಬ್ಬರ ಪಾಲೂ ಸೇರಿ. ಎಲ್ಲಿಟ್ಟುಕೊಳ್ಳಲಿ ಇಷ್ಟನ್ನು? ನಾಳೆಯಿಂದ ಮನೆಯಲ್ಲಿ, ಕತ್ತಲಾದ ಮೇಲೆ, ಯಾರು ಬರುವುದು ತಡವಾಯಿತು ಅಂತ ನಾನು ಬಸ್‌ಸ್ಟಾಪಿಗೆ ಓಡಲಿ?