ಹಸಿರುಗಟ್ಟಿದ ಜಾಲರಿ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ, ಸಮುದ್ರದಡಿ ಉಸಿರಾಡಲು ಸಿಲಿಂಡರಿನ ಗಾಳಿ ಒದಗಿಸುವ ಸ್ಕೂಬಾ ರೆಗ್ಯುಲೇಟರಿನ ಮುಚ್ಚಳ ತೆಗೆದು ನೋಡಿದರೆ ಗಾಳಿ ಸೋಸುವ ಪುಟ್ಟ ಜಾಲರಿ ಹಸಿರುಗಟ್ಟಿತ್ತು. ಮತ್ತೆ ಯಾರೋ ಮುಚ್ಚಳ ಹಾಕದೆಯೇ ತೊಳೆದಿದ್ದಾರೆ, ತೊಟ್ಟಿಯ ಉಪ್ಪುನೀರು ಒಳಗಿಳಿದು ಕಿಲುಬು ಹಿಡಿದಿದೆ; ಆಳಕ್ಕೆ ಹೋದಾಗ ಗಾಳಿ ಕಟ್ಟಿಕೊಳ್ಳಬಹುದು. ನಾನು ಕೆಲಸ ಮಾಡುವ ಈ ಡೈವಿಂಗ್ ಅಂಗಡಿ ನಡೆಸುವ ಚಿಕ್ಕಪ್ಪನಿಗೆ ತೋರಿಸಿದೆ.

“ಉಸಿರು ಸರಾಗವಾಗಿ ಬರ್ತಿದೆಯಲ್ಲಮ್ಮ! ಕವಿತೆ ಓದಿದವರಿಗೆ ಎಲ್ಲೆಲ್ಲೂ ಸಾವೇ ಕಾಣುತ್ತೆ” ಎಂದು ನಕ್ಕರು. ‘ಸರ್ವಿಸ್ ಆಗಿದೆ’ ಎಂಬ ಚೀಟಿ ಕಟ್ಟಿ, ನಾಳೆ ಮೊದಲ ಸಲ ಸಮುದ್ರಕ್ಕಿಳಿಯುವ ಹುಡುಗಿಗೆಂದು ಗೂಟಕ್ಕೆ ನೇತುಹಾಕಿದರು.

ನಾನು ತಲೆ ತಗ್ಗಿಸಿ ಬಂದೆ. ಅಷ್ಟು ಆಳದಲ್ಲಿ ಗಾಳಿ ನಿಂತರೆ ಅವಳು ಯಾರನ್ನು ಕೂಗಬೇಕು? ನನಗೆ ನೆಲದ ಮೇಲೆಯೇ ದನಿ ಏಳುವುದಿಲ್ಲ. ಇಂಥವಳು ಇದ್ದೂ ಯಾರಿಗೇನು ಪ್ರಯೋಜನ?

ವಾದಿಸಿ ಗೆಲ್ಲಲಾರೆ. ನಾಳೆ ಚಿಕ್ಕಪ್ಪ ಬರುವ ಮೊದಲೇ ಹೋಗಿ ಆ ರೆಗ್ಯುಲೇಟರನ್ನು ಪೂರ್ತಿ ಬಿಚ್ಚಿ, ಮೇಜಿನ ಮೇಲೆ ಹರಡಿಬಿಡುತ್ತೇನೆ. ಮತ್ತೆ ಜೋಡಿಸಲು ಅವರಿಗೆ ಇಡೀ ದಿನ ಬೇಕು. ಬೈಯಲಿ.